ಕಾಮಣ್ಣನ ಕಟ್ಟಿಗೆ, ಮಳೆರಾಯನ ಹಿಟ್ಟು

ಅಕ್ಟೋಬರ್ ಮುಗಿಯುತ್ತಾ ಬಂದಂತೆ ಅಮೆರಿಕದ ಪತ್ರಿಕೆಗಳಲ್ಲಿ ಒಂದು ಗೊಣಗಾಟ ಶುರುವಾಗುತ್ತದೆ. ಹ್ಯಾಲೋವೀನ್ ರಾತ್ರಿ ದೆವ್ವದ ವೇಷ ತೊಟ್ಟು ಮನೆಮನೆಗೆ ಮಿಠಾಯಿ ಕೇಳಲು ಬರುತ್ತಿದ್ದ ಮಕ್ಕಳೆಲ್ಲ ಎಲ್ಲಿ ಹೋದರು? ಬುಟ್ಟಿ ತುಂಬ ಚಾಕೊಲೇಟ್ ಇಟ್ಟುಕೊಂಡು, ಬಾಗಿಲ ದೀಪ ಹಾಕಿಕೊಂಡು ಕೂತರೂ ಗಂಟೆ ಒತ್ತುವವರೇ ಇಲ್ಲವಲ್ಲ! ಚಿತ್ರದುರ್ಗದಲ್ಲಿ ಕೂತು ಇದನ್ನು ಓದುವವರಿಗೆ ಇದು ಯಾರದೋ ಊರಿನ ಯಾವುದೋ ಚಿಂತೆ ಅನ್ನಿಸಬೇಕಿತ್ತು. ಆದರೆ ಕಾಮನ ಹುಣ್ಣಿಮೆ ಹತ್ತಿರ ಬಂದಾಗ ದೊಡ್ಡಪೇಟೆಯ ಕಟ್ಟೆಗಳ ಮೇಲೆ, ಸಂಕ್ರಾಂತಿಯ ಸಂಜೆ ಹಿರಿಯೂರಿನ ಹಳೇ ಬೀದಿಗಳಲ್ಲಿ ಕೇಳುವ ಮಾತೂ ಹೆಚ್ಚುಕಡಿಮೆ ಇದೇ: "ಈಗ ಹುಡುಗ್ರೇ ಬರಲ್ಲ ಕಣ್ರೀ."

ವೇಷ ಹಾಕಿಯೋ ಹಾಕದೆಯೋ ಮಕ್ಕಳು ಗುಂಪುಕಟ್ಟಿ ಬರುವುದು, ಕದ ತಟ್ಟುವುದು, ಕೊಡದಿದ್ದರೆ ಏನಾದರೂ ಮಾಡುತ್ತೇವೆಂದು ಹೆದರಿಸುವುದು, ಸಿಕ್ಕಿದ್ದನ್ನು ಒಟ್ಟಿಗೆ ಹಂಚಿಕೊಂಡು ತಿನ್ನುವುದು. ಈ ನಾಲ್ಕರಲ್ಲಿ ಕೆಲವಾದರೂ ಅಂಶ ಸೇರಿದ ಆಚರಣೆ ನಮ್ಮಲ್ಲಿ ಒಂದಲ್ಲ, ಹಲವು ಇದ್ದವು. ಹಗಲುವೇಷದವರು, ಬುಡಬುಡಿಕೆಯವರು, ಕೋಲೆ ಬಸವನವರು ಬೇರೆ. ಅದು ಅವರ ಕಸುಬು, ಹೊಟ್ಟೆಪಾಡು. ಇಲ್ಲಿ ಹೇಳುತ್ತಿರುವುದು ಹೊಟ್ಟೆ ತುಂಬಿದ ಮನೆಯ ಮಕ್ಕಳೂ ಹಬ್ಬದ ನೆಪದಲ್ಲಿ ಬೇಡಲು ಹೊರಡುತ್ತಿದ್ದ ಪದ್ಧತಿಯ ಬಗ್ಗೆ.

ಇವುಗಳಲ್ಲಿ ಅಮೆರಿಕದ ಆಟಕ್ಕೆ ತೀರಾ ಹತ್ತಿರದ್ದು ಕಾಮಣ್ಣನ ಹಬ್ಬ. ಹೋಳಿ ಹುಣ್ಣಿಮೆಗೆ ವಾರ ಇರುವಾಗಲೇ ಓಣಿಯ ಹುಡುಗರು ತಮಟೆಯೋ, ಎಣ್ಣೆ ಡಬ್ಬವೋ, ಒಡೆದ ತಗಡೋ ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ, ಬಾಯಿಗೆ ಅಂಗೈ ಬಡಿದು ಲಬೋ ಲಬೋ ಎನ್ನುತ್ತಾ ಹೊರಡುತ್ತಿದ್ದರು. ಕೇಳುತ್ತಿದ್ದುದು ಕಟ್ಟಿಗೆ, ಕುಳ್ಳು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಒಣಗಿದ ತೆಂಗಿನ ಗರಿ, ಮುರಿದ ನೊಗ ಯಾವುದಾದರೂ ನಡೆಯುತ್ತಿತ್ತು. ಕೊಟ್ಟ ಮನೆಗೆ ಹೊಗಳಿಕೆ, ಕೊಡದ ಮನೆಗೆ ಬೈಗುಳ. ಬೈಗುಳವಾದರೂ ಸಾಮಾನ್ಯದ್ದಲ್ಲ, ಮಿಕ್ಕ ದಿನ ಬಾಯಿಂದ ಹೊರಬಿದ್ದರೆ ಬೆನ್ನ ಮೇಲೆ ಬಾರುಕೋಲು ಆಡುವಂಥದ್ದು. ಅಷ್ಟಕ್ಕೂ ಮನೆಯವರು ಜಗ್ಗದಿದ್ದರೆ ರಾತ್ರಿ ಕಳ್ಳತನ. ಹಿತ್ತಲಿನಲ್ಲಿ ಒಟ್ಟಿದ್ದ ಕುಳ್ಳು ಬೆಳಗಾಗುವಷ್ಟರಲ್ಲಿ ಮಾಯ. ಸೌದೆ ಸಿಗದಿದ್ದರೆ ಬೇಲಿಯ ಗೂಟ, ಅದೂ ಇಲ್ಲದಿದ್ದರೆ ಜಗುಲಿಯ ಮೇಲೆ ಮರೆತು ಬಿಟ್ಟ ಮುರುಕು ಮಂಚ. ಇದಕ್ಕೊಂದು ಕಾನೂನೂ ಇತ್ತು: ಕಾಮಣ್ಣನ ರಾಶಿಗೆ ಬಿದ್ದದ್ದನ್ನು ವಾಪಸ್ ಎಳೆದುಕೊಳ್ಳುವಂತಿಲ್ಲ. ತನ್ನ ಮನೆಯ ಏಣಿ ರಾಶಿಯಲ್ಲಿ ಕಂಡರೂ ಯಜಮಾನ ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಕು. ಹೆಚ್ಚೆಂದರೆ ಹುಡುಗರ ಕೈಗೆ ಒಂದಿಷ್ಟು ಕಾಸು ಇಟ್ಟು, ರಾಶಿಗೆ ಬೀಳುವ ಮೊದಲೇ ಬಿಡಿಸಿಕೊಳ್ಳಬಹುದಿತ್ತು.

ಹಾಗಾಗಿ ಆ ವಾರ ಹೆಂಗಸರು ಸೌದೆಯನ್ನು ಒಳಗೆ ಸಾಗಿಸಿ, ಹುಡುಗರಿಗೆಂದೇ ಒಂದಿಷ್ಟು ಹೊರಗೆ ಬಿಡುತ್ತಿದ್ದರು. ಈ ಲೆಕ್ಕಾಚಾರ ನನಗೆ ಬಲು ಇಷ್ಟ. ಮಕ್ಕಳು ಕದಿಯುತ್ತಾರೆಂದು ದೊಡ್ಡವರಿಗೆ ಗೊತ್ತು, ದೊಡ್ಡವರಿಗೆ ಗೊತ್ತಿದೆಯೆಂದು ಮಕ್ಕಳಿಗೂ ಗೊತ್ತು. ಆದರೂ ಗಂಡಸರು ಕೋಲು ಹಿಡಿದು ಕಾಯುವ ನಾಟಕ ಆಡಬೇಕು, ಹುಡುಗರು ಉಸಿರು ಬಿಗಿಹಿಡಿದು ಗೋಡೆ ಹಾರಬೇಕು. ಹುಣ್ಣಿಮೆ ರಾತ್ರಿ ಕಾಮಣ್ಣನನ್ನು ಸುಟ್ಟ ಮೇಲೆ ಅದೇ ಮನೆಯವರು ಬಂದು ಆ ಬೆಂಕಿಯಿಂದ ಕೆಂಡ ಒಯ್ದು ಒಲೆ ಹೊತ್ತಿಸುತ್ತಿದ್ದರು, ಕಡಲೆ ಹುರಿದು ತಿನ್ನುತ್ತಿದ್ದರು. ಕದ್ದ ಕಟ್ಟಿಗೆ ಕೆಂಡವಾಗಿ ಕಳಕೊಂಡವರ ಮನೆಗೇ ವಾಪಸ್ ಬರುತ್ತಿತ್ತು.

ಕಾಮಣ್ಣ ಈಗಲೂ ಉರಿಯುತ್ತಾನೆ, ಹಿಂದಿಗಿಂತ ಎತ್ತರವಾಗಿಯೇ. ಆದರೆ ಕಟ್ಟಿಗೆ ಬರುವುದು ಸಾಮಿಲ್‌ನಿಂದ ಟ್ರ್ಯಾಕ್ಟರ್‌ನಲ್ಲಿ. ಅದಕ್ಕೊಂದು ಸಮಿತಿ, ರಸೀದಿ ಪುಸ್ತಕ, ಗೌರವಾಧ್ಯಕ್ಷರ ಫೋಟೊ ಇರುವ ಫ್ಲೆಕ್ಸು, ಡಿಜೆ. ಕೇಳಲು ಬರುವವರು ಮೀಸೆ ಬಂದವರು. ಹುಡುಗರು ಮಾರನೆಯ ದಿನ ಅಂಗಡಿಯಲ್ಲಿ ಕೊಂಡ ಬಣ್ಣ ಎರಚಲಷ್ಟೇ ಬೇಕು. ನನ್ನ ದೃಷ್ಟಿಯಲ್ಲಿ ಈ ಹಬ್ಬಕ್ಕೆ ಆದ ದೊಡ್ಡ ಬದಲಾವಣೆ ಇದು. ಎತ್ತುವಳಿ ನಿಂತಿಲ್ಲ, ಎತ್ತುವ ಕೈ ಬದಲಾಗಿದೆ.

ಕಾಮಣ್ಣನದು ವರ್ಷಕ್ಕೊಮ್ಮೆ ಬರುವ ಹಬ್ಬವಾದರೆ ಮಳೆರಾಯನಿಗೆ ತಿಥಿಯಿಲ್ಲ. ಮಳೆ ಕೈಕೊಟ್ಟಾಗ ಬರುತ್ತಾನೆ. ಬೆಂಗಾಡಿನ ಈ ಜಿಲ್ಲೆಯಲ್ಲಿ ಅವನಿಗೆ ಕೆಲಸ ಯಾವತ್ತೂ ಇತ್ತು. ಮಣೆಯ ಮೇಲೆ ಹಸಿಮಣ್ಣಿನ ಮೂರ್ತಿ ಮಾಡಿ, ಬೇವಿನ ಸೊಪ್ಪು ಸಿಗಿಸಿ, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸುತ್ತಾರೆ. ಅವನಿಗೆ ಮೈಮೇಲೆ ಅಂಗಿಯಿಲ್ಲ, ಸೊಂಟಕ್ಕೂ ಬೇವು. ಹಿಂದೆ ಮಕ್ಕಳ ದಂಡು ಕೂಗುತ್ತಾ ನಡೆಯುತ್ತದೆ. ಪ್ರತಿ ಮನೆಯ ಮುಂದೆ ನಿಂತಾಗ ಮನೆಯಾಕೆ ಬಿಂದಿಗೆ ತಂದು ಮೂರ್ತಿಯ ತಲೆಗೆ ನೀರು ಸುರಿಯುತ್ತಾಳೆ, ಹೊತ್ತವನು ಗಿರಗಿರ ತಿರುಗುತ್ತಾನೆ, ಸುತ್ತ ನಿಂತವರೆಲ್ಲ ನೆನೆಯುತ್ತಾರೆ. ಆಮೇಲೆ ಮೊರದಲ್ಲಿ ರಾಗಿ ಹಿಟ್ಟೋ ಜೋಳವೋ, ಜೊತೆಗೆ ಉಪ್ಪು, ಮೆಣಸಿನಕಾಯಿ, ಬೆಲ್ಲದ ಚೂರು. ಊರೆಲ್ಲ ಸುತ್ತಿ ಕೂಡಿದ್ದನ್ನು ಗುಡಿಯ ಬಳಿಯೋ ಕೆರೆ ಏರಿಯ ಮೇಲೋ ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ಬಯಲುಸೀಮೆಯ ಉತ್ತರಕ್ಕೆ ಹೋದರೆ ಇದೇ ಗುರ್ಜಿ. ಬೆಳದಿಂಗಳಲ್ಲಿ ರಂಗೋಲಿಯಿಂದ ಚಂದ್ರನನ್ನು ಬರೆದು, ಮನೆಮನೆಯಿಂದ ತಂದ ಅಡುಗೆಯನ್ನು ಕಲೆತು ತಿನ್ನುವ ತಿಂಗಳಮಾವನ ಪೂಜೆಯೂ ಇದರ ಒಡಹುಟ್ಟು.

ಕುಡಿಯಲು ನೀರಿಲ್ಲದಾಗ ಬಿಂದಿಗೆಗಟ್ಟಲೆ ನೀರನ್ನು ಹುಡುಗನ ತಲೆಗೆ ಸುರಿಯುವುದರಲ್ಲೊಂದು ದಿಟ್ಟತನವಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಅಂಥ ಸೀಮೆ ಇದು. ಅದರ ಮರುವರ್ಷವೇ, 2023ರಲ್ಲಿ, ಮತ್ತೆ ಬರ ಬಿತ್ತು. ಹಳ್ಳಿಗಳಲ್ಲಿ ಮಳೆರಾಯನನ್ನು ಹೊತ್ತ, ಮಕ್ಕಳಿಗೆ ಗಂಡುಹೆಣ್ಣಿನ ವೇಷ ಹಾಕಿ ಮದುವೆಯಾಟ ಆಡಿಸಿದ ಸುದ್ದಿಗಳು ಅಂಥ ವರ್ಷಗಳಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಿಗೆ ಬರುತ್ತವೆ. ಆದ್ದರಿಂದ ಮಳೆರಾಯ ಸತ್ತ ಅನ್ನುವುದು ಆತುರದ ಮಾತು. ಬೋರ್‌ವೆಲ್ಲು ಕೈಹಿಡಿದ ವರ್ಷ ಮಲಗುತ್ತಾನೆ, ಅದು ಬತ್ತಿದ ವರ್ಷ ಏಳುತ್ತಾನೆ.

ಸಂಕ್ರಾಂತಿಯ ಎಳ್ಳುಬೆಲ್ಲದ ಕಥೆ ಬೇರೆ. ಅದು ಸತ್ತಿಲ್ಲ, ಬಡವಾಗಿಲ್ಲ, ಪ್ಯಾಕೆಟ್ಟಾಗಿದೆ. ಹಿರಿಯೂರು, ಹೊಸದುರ್ಗದ ಪೇಟೆಗಳಲ್ಲಿ ಹಳೇ ಮೈಸೂರಿನ ರೂಢಿಯಂತೆ ಹೆಣ್ಣುಮಕ್ಕಳು ಹೊಸಲಂಗ ಉಟ್ಟು ತಟ್ಟೆಯಲ್ಲಿ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟುಕೊಂಡು ಬೀರಲು ಹೋಗುತ್ತಿದ್ದರು. ಇದರಲ್ಲಿ ಬೇಡುವುದಕ್ಕಿಂತ ಕೊಡುವುದು ಹೆಚ್ಚು, ಹೆದರಿಸುವುದಂತೂ ಇಲ್ಲವೇ ಇಲ್ಲ. ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡುವ ಕೆಲಸ ತಪ್ಪಿತೆಂದು ತಾಯಂದಿರು ನಿಟ್ಟುಸಿರು ಬಿಟ್ಟರೆ ನಾನು ಅವರ ಪರ. ಆದರೆ ತಟ್ಟೆ ಹೋಗಿ ಪ್ಯಾಕೆಟ್ ಬಂದ ಮೇಲೆ ಹುಡುಗಿಯ ಬದಲು ಅಪ್ಪ ಸ್ಕೂಟರಿನಲ್ಲಿ ಹೋಗಿ ಕೊಟ್ಟುಬರುವುದೂ ಶುರುವಾಯಿತು. ವಿಜಯದಶಮಿಯ ಬನ್ನಿಯೂ ಅಷ್ಟೆ. ಎಲೆ ಕೊಟ್ಟು ಕಾಲಿಗೆ ಬಿದ್ದರೆ ಹಿರಿಯರು ಕೈಗೆ ಏನಾದರೂ ಇಡುತ್ತಾರೆಂದು ಮಕ್ಕಳು ಸಂಬಂಧಿಕರಲ್ಲದವರ ಮನೆಗೂ ನುಗ್ಗುತ್ತಿದ್ದರು. ಈಗ ಬನ್ನಿಯ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬೆಳಿಗ್ಗೆಯೇ ಬಂದಿರುತ್ತದೆ.

ಕರಾವಳಿಯಲ್ಲಿ ಈ ಪದ್ಧತಿಗೆ ಕಲೆಯ ಮೆರುಗೂ ಇತ್ತು. ಕುಂದಾಪುರ, ಉಡುಪಿ ಕಡೆ ನವರಾತ್ರಿಯಲ್ಲಿ ಐಗಳ ಮಠದ, ಎಂದರೆ ಹಳೇ ಕಾಲದ ಊರಶಾಲೆಯ, ಹುಡುಗರು ಹೂ ಸುತ್ತಿದ ಕೋಲು ಹಿಡಿದು ಮನೆಮನೆಗೆ ಹೋಗಿ ಯಕ್ಷಗಾನದ ಪದ, ಮಾತು ಒಪ್ಪಿಸುತ್ತಿದ್ದರು. ಅದೇ ಹೂವಿನಕೋಲು. ಸಿಕ್ಕ ಕಾಣಿಕೆ ಐಗಳಿಗೆ, ತಿಂಡಿ ಮಕ್ಕಳಿಗೆ. ಸರ್ಕಾರಿ ಶಾಲೆ ಬಂದು ಮೇಷ್ಟ್ರಿಗೆ ಸಂಬಳ ಗೊತ್ತಾದ ಮೇಲೆ ಐಗಳ ಮಠವೂ ಹೋಯಿತು, ಹೂವಿನಕೋಲಿನ ಅಗತ್ಯವೂ ಹೋಯಿತು. ಕೆಲವು ಯಕ್ಷಗಾನ ತಂಡಗಳು ಈಚೆಗೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿವೆ. ದಕ್ಷಿಣ ಕನ್ನಡ, ಕಾಸರಗೋಡಿನ ಮಾರ್ನೆಮಿ ವೇಷಗಳು ಮಾತ್ರ ಹುಲಿ, ಕರಡಿ, ಪೊಲೀಸು ಎಂದು ಇನ್ನೂ ಅಂಗಡಿ, ಮನೆ ಸುತ್ತುತ್ತವೆ. ಅಲ್ಲಿದ್ದ ಕೊರಗ ವೇಷ ಒಂದು ಸಮುದಾಯವನ್ನೇ ಗೇಲಿಯ ಸರಕು ಮಾಡಿತ್ತು. ಕೊರಗರನ್ನು ಕೀಳಾಗಿ ಕಂಡು ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು 2000ದ ಕಾಯ್ದೆ ನಿಷೇಧಿಸಿತು, ಆ ವೇಷಕ್ಕೂ ಈಗ ಜಾಗವಿಲ್ಲ. ಹೋಗಬೇಕಾದದ್ದು ಹೋಯಿತು.

ನಮ್ಮ ಜಿಲ್ಲೆಗೇ ವಾಪಸ್ ಬಂದರೆ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಬೇರೆಯೇ ನೋಟ ಸಿಗುತ್ತದೆ. ದೀಪಾವಳಿಯ ಅಮಾವಾಸ್ಯೆಯ ಕತ್ತಲಲ್ಲಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಗುಂಪಾಗಿ ಹೊರಡುತ್ತಾರೆ. ಮೊದಲು ನಾಯಕನ ಮನೆ, ಆಮೇಲೆ ಸಾಲಾಗಿ ಎಲ್ಲ ಮನೆ. ಹೊಸ್ತಿಲಲ್ಲಿ ನಿಂತು ಮನೆಯ ಹಿರಿಯರ ಹೆಸರು ಹಿಡಿದು ಹರಸುವ ಹಾಡು ಹೇಳುತ್ತಾರೆ. ಅದು ಮೇರಾ. ಮನೆಯವರು ಕಾಸು ಕೊಡುತ್ತಾರೆ. ಮಾರನೆಯ ಬೆಳಿಗ್ಗೆ ಇದೇ ಗುಂಪು ಅಡವಿಗೆ ಹೋಗಿ ಹೂ ತಂದು ಮತ್ತೆ ಮನೆಮನೆಗೆ ಬರುತ್ತದೆ. ಇಲ್ಲಿ ಸಣ್ಣವರು ದೊಡ್ಡವರನ್ನು ಹರಸುತ್ತಾರೆ ಎಂಬುದನ್ನು ಗಮನಿಸಬೇಕು. ಮುಂದೆ ಬೇರೆ ತಾಂಡಾಕ್ಕೆ ಮದುವೆಯಾಗಿ ಹೋಗುವ ಹುಡುಗಿ ತವರಿನ ಪ್ರತಿ ಹೊಸ್ತಿಲಿಗೂ ಒಳ್ಳೆಯದು ಬಯಸಿ ಹೋಗುವ ರಾತ್ರಿ ಅದು. ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರೂ ದೀಪಾವಳಿಗೆ ಊರು ಸೇರುವುದಕ್ಕೆ ಇದೂ ಒಂದು ಕಾರಣ. 2024ರಲ್ಲಿ ನರಕ ಚತುರ್ದಶಿ ಬಿದ್ದದ್ದು ಅಕ್ಟೋಬರ್ 31ಕ್ಕೆ, ಹ್ಯಾಲೋವೀನ್ ದಿನವೇ. ಅಮೆರಿಕದ ಬೀದಿಗಳಿಗೆ ಮಕ್ಕಳು ಬರುವುದಿಲ್ಲವೆಂಬ ಗೊಣಗಾಟದ ಹೊತ್ತಿನಲ್ಲೇ ಇಲ್ಲಿನ ತಾಂಡಾಗಳಲ್ಲಿ ಮೇರಾಕ್ಕೆ ತಯಾರಿ ನಡೆದಿತ್ತು.

ಹಾಗಾದರೆ ಮಿಕ್ಕ ಕಡೆ ಈ ಪದ್ಧತಿ ಯಾಕೆ ಸೊರಗಿತು? ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ ಮೊಬೈಲು. ಅದು ಸೋಮಾರಿ ಉತ್ತರ. ಸ್ಮಾರ್ಟ್‌ಫೋನ್ ನಮ್ಮ ಹಳ್ಳಿಗಳಿಗೆ ಬರುವ ಮೊದಲೇ ಕಾಮಣ್ಣನ ಹುಡುಗರು ಕಡಿಮೆಯಾಗತೊಡಗಿದ್ದರು. ಎರಡನೆಯ ಉತ್ತರ ಪಾಶ್ಚಾತ್ಯ ಪ್ರಭಾವ. ಪಶ್ಚಿಮದಲ್ಲೇ ಇದು ಸೊರಗುತ್ತಿರುವಾಗ ಆ ದೂರು ನಿಲ್ಲುವುದಿಲ್ಲ.

ಕಾರಣಗಳು ಇನ್ನೂ ಮಣ್ಣಿಗೆ ಹತ್ತಿರದವು. ಮೊದಲನೆಯದು ಒಲೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಾಗ ಸಗಣಿ ಹೋಯಿತು, ಕುಳ್ಳು ಹೋಯಿತು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಗ್ಯಾಸ್ ಸಿಲಿಂಡರ್ ಹಟ್ಟಿಗಳನ್ನೂ ಮುಟ್ಟಿತು. ಕದಿಯಲು ಹಿತ್ತಲಲ್ಲಿ ಏನಿದೆ? ಸಿಲಿಂಡರ್ ಕದ್ದರೆ ಅದು ಹಬ್ಬವಲ್ಲ, ಪೊಲೀಸ್ ಕೇಸು. ಎರಡನೆಯದು ಮನೆ. ಜಗುಲಿ, ಕಟ್ಟೆ ಇದ್ದ ಮನೆಗೆ ಬೀದಿಯ ಒಂದು ಪಾಲು ಸೇರಿತ್ತು. ತುರುವನೂರು ರಸ್ತೆ, ಹೊಳಲ್ಕೆರೆ ರಸ್ತೆಯ ಹೊಸ ಬಡಾವಣೆಗಳಲ್ಲಿ ಮೊದಲು ಎದುರಾಗುವುದು ಕಾಂಪೌಂಡು, ಗೇಟು, ನಾಯಿ. ಕದ ತಟ್ಟಬೇಕಾದರೆ ಮೊದಲು ಗೇಟಿನವರೆಗೆ ಹೋಗುವ ಧೈರ್ಯ ಬೇಕು. ಮೂರನೆಯದು ಶಾಲೆಯ ಕ್ಯಾಲೆಂಡರು. ಹೋಳಿ ಬರುವುದೇ ಮಾರ್ಚ್ ಸುಮಾರಿಗೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದದ್ದು ಮಾರ್ಚ್ 25ರಂದು, ಹೋಳಿಯ ದಿನ. ಹಿಂದಿನ ರಾತ್ರಿ ಹತ್ತನೇ ತರಗತಿಯ ಹುಡುಗ ಕಟ್ಟಿಗೆ ಕದಿಯಲು ಹೊರಟಿದ್ದರೆ ಕಾಮಣ್ಣನಿಗಿಂತ ಮೊದಲು ಅವನೇ ಉರಿಯುತ್ತಿದ್ದ. ಜೊತೆಗೆ ಒಂದೇ ಬೀದಿಯ ಮಕ್ಕಳು ಐದಾರು ಶಾಲೆಗಳ ವ್ಯಾನು ಹತ್ತುತ್ತಾರೆ. ಗುಂಪು ಕಟ್ಟಲು ಪರಿಚಯವಾದರೂ ಬೇಕಲ್ಲ?

ಆಮೇಲೆ ಭಯ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಸುದ್ದಿ ವಾಟ್ಸ್ಆ್ಯಪ್‌ನಲ್ಲಿ ರಾಜ್ಯವನ್ನೆಲ್ಲ ಸುತ್ತಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಹೈದರಾಬಾದಿನಿಂದ ಬಂದಿದ್ದವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಮಕ್ಕಳ ಕಳ್ಳರೆಂಬ ಅನುಮಾನ ಹುಟ್ಟಿತು. ಮುರ್ಕಿ ಗ್ರಾಮದ ಬಳಿ ಜನ ಅಟ್ಟಾಡಿಸಿ ಹೊಡೆದರು, ಒಬ್ಬ ಯುವಕ ಸತ್ತ. ಮಗುವಿನ ಕೈಗೆ ಸಿಹಿ ಇಡುವುದು ಪ್ರಾಣಕ್ಕೆ ಎರವಾಗುವ ಕಾಲದಲ್ಲಿ ಮಕ್ಕಳನ್ನು ಅಪರಿಚಿತರ ಬಾಗಿಲಿಗೆ ಯಾರು ಕಳಿಸುತ್ತಾರೆ? 2020ರ ಕೊರೊನಾ ಮಿಕ್ಕದ್ದನ್ನು ಮುಗಿಸಿತು.

ಅಮೆರಿಕದ ಭಯಕ್ಕೂ ಇಂಥದೇ ಚರಿತ್ರೆಯಿದೆ. ಹ್ಯಾಲೋವೀನ್ ರಾತ್ರಿಯ ಹುಡುಗರ ಪುಂಡಾಟ 1930ರ ದಶಕದಲ್ಲಿ ಅತಿಯಾದಾಗ, ಮಿಠಾಯಿ ಕೊಟ್ಟು ಸಮಾಧಾನ ಮಾಡುವ ಪದ್ಧತಿಯನ್ನು ಅಲ್ಲಿನ ಊರುಗಳೇ ಬೆಳೆಸಿದವು. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ರೇಷನ್ ಬಂದು ಅದು ಮಂಕಾಯಿತು, ಯುದ್ಧ ಮುಗಿದ ಮೇಲೆ ಮತ್ತೆ ಎದ್ದಿತು. 1974ರಲ್ಲಿ ಟೆಕ್ಸಾಸ್‌ನಲ್ಲಿ ಒಂದು ಮಗು ಹಬ್ಬದ ಮಿಠಾಯಿಯಲ್ಲಿದ್ದ ಸಯನೈಡ್‌ನಿಂದ ಸತ್ತಿತು. ವಿಷ ಹಾಕಿದ್ದು ಅಪರಿಚಿತನಲ್ಲ, ವಿಮೆಯ ಹಣಕ್ಕಾಗಿ ಹೆತ್ತ ತಂದೆಯೇ. ಆದರೂ ತಾಯಂದಿರ ಎದೆಯಲ್ಲಿ ಉಳಿದದ್ದು ಅಪರಿಚಿತನ ಭಯ. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ವರದಿಗಳನ್ನೆಲ್ಲ ಜಾಲಾಡಿದರು. ಮನೆಬಾಗಿಲಲ್ಲಿ ಅಪರಿಚಿತರು ಕೊಟ್ಟ ವಿಷದ ಮಿಠಾಯಿಯಿಂದ ಮಗು ಸತ್ತ ಒಂದೇ ಒಂದು ಪ್ರಕರಣವೂ ಅವರಿಗೆ ಖಚಿತವಾಗಿ ಸಿಗಲಿಲ್ಲ. ಭಯ ಮಾತ್ರ ತನ್ನ ಕೆಲಸ ಮಾಡಿತ್ತು. ಈಗ ಚರ್ಚು, ಶಾಲೆಗಳ ಮೈದಾನದಲ್ಲಿ ಕಾರು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಅಲ್ಲಿಂದಲೇ ಮಿಠಾಯಿ ಹಂಚುವ ಏರ್ಪಾಟು ಬೆಳೆದಿದೆ. ಹಬ್ಬದ ಖರ್ಚು ಇಳಿದಿಲ್ಲ. ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟದ ಅಂದಾಜಿನಂತೆ 2023ರಲ್ಲಿ ಅದು 1,200 ಕೋಟಿ ಡಾಲರ್ ದಾಟಿತು. ಕಾಮಣ್ಣ ಎತ್ತರವಾದ, ಹುಡುಗರು ಕಡಿಮೆಯಾದರು ಎಂದೆನಲ್ಲ, ಅಲ್ಲಿಯೂ ಅದೇ ಲೆಕ್ಕ.

ಇಷ್ಟು ಹೇಳಿದ ಮೇಲೆ ಹಳೆಯದಕ್ಕೆ ಹೂವೇರಿಸಿ ಕೂರಲು ನನಗೆ ಮನಸ್ಸಿಲ್ಲ. ಮನೆಮನೆ ಎನ್ನುತ್ತೇವೆ. ಯಾರ ಮನೆ? ಕಾಮಣ್ಣನ ಹುಡುಗರು ಕೇರಿಯ ಸೌದೆ ಕದ್ದದ್ದುಂಟು, ಕೇರಿಯ ಹುಡುಗ ಮೇಲಿನ ಬೀದಿಯ ಹಿತ್ತಲಿಗೆ ಇಳಿದಿದ್ದರೆ ಅದು ಆಟವೆನಿಸಿಕೊಳ್ಳುತ್ತಿರಲಿಲ್ಲ. ಎಳ್ಳಿನ ತಟ್ಟೆ ಯಾವ ತಿರುವಿನಲ್ಲಿ ವಾಪಸ್ ತಿರುಗಬೇಕೆಂದು ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಾಮಣ್ಣನ ಬೈಗುಳ ಹಾಡುಗಳ ಗುರಿಯಾಗಿ ಬಾಗಿಲ ಹಿಂದೆ ನಿಂತಿರುತ್ತಿದ್ದವರು ಹೆಂಗಸರು. ಹುಡುಗರ ಹಬ್ಬದಲ್ಲಿ ಹುಡುಗಿಯರಿಗೆ ಜಾಗವಿರಲಿಲ್ಲ. ಇವನ್ನೆಲ್ಲ ಬಿಟ್ಟು ಬರೀ ಬೆಳದಿಂಗಳನ್ನು ನೆನೆಸಿಕೊಳ್ಳುವುದು ಅನುಕೂಲಸ್ಥರ ನೆನಪು.

ಬೇಡುವುದೆಲ್ಲ ಆಟವೂ ಆಗಿರಲಿಲ್ಲ. ವಾರಾನ್ನದ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ಕಾಲವೊಂದಿತ್ತು. ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳಂಥವರು ತೆರೆದ ಉಚಿತ ವಿದ್ಯಾರ್ಥಿ ನಿಲಯಗಳು, ಆಮೇಲೆ ಸರ್ಕಾರಿ ಹಾಸ್ಟೆಲುಗಳು, ಈಗಿನ ಬಿಸಿಯೂಟ ಆ ಅವಮಾನವನ್ನು ಕಳೆದವು. ವಾರಾನ್ನ ಹೋಯಿತೆಂದು ಅತ್ತವರನ್ನು ನಾನು ಕಂಡಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯಂತೂ ಜೋಳಿಗೆ ಹಿಡಿದು ಊರೂರು ಅಲೆದು ಅನಾಥ ಸೇವಾಶ್ರಮವನ್ನು ಬೆಳೆಸಿದರು, 'ತಿರುಕ' ಎಂಬ ಹೆಸರಿನಲ್ಲೇ ಬರೆದರು. ತನಗಲ್ಲದೆ ಎಲ್ಲರಿಗೆಂದು ಕೇಳುವವನ ಮುಂದೆ ಬಾಗಿಲು ಹಾಕಬಾರದು ಎಂಬ ತಿಳಿವಳಿಕೆ ಈ ಸೀಮೆಯಲ್ಲಿ ಗಟ್ಟಿಯಾಗಿತ್ತು. ಮಳೆರಾಯನ ಹುಡುಗರ ಮೊರಕ್ಕೆ ಹಿಟ್ಟು ಬೀಳುತ್ತಿದ್ದುದೂ ಅದೇ ಬಲದಿಂದ. ಅವರು ಕೇಳುತ್ತಿದ್ದುದು ತಮ್ಮ ಬಾಯಿಗಲ್ಲ, ಊರ ಮಳೆಗೆ.

ನಾವು ಕಳೆದುಕೊಂಡದ್ದು ಇದನ್ನು. ಮಗುವಿಗೆ ತನ್ನ ಬೀದಿಯ ಯಾವ ಬಾಗಿಲನ್ನಾದರೂ ತಟ್ಟಿ ಜೋರು ಮಾಡಿ ಕೇಳುವ ಹಕ್ಕಿತ್ತು, ಮನೆಗೆ ಬಾಗಿಲು ತೆರೆದು ಉತ್ತರ ಕೊಡುವ ಋಣವಿತ್ತು. ಸಮಿತಿಯವರು ಬಂದು ರಸೀದಿ ಹರಿದಾಗ ಹಣ ಕೊಡುತ್ತೇವೆ, ಉತ್ತರ ಕೊಡುವುದಿಲ್ಲ. ಮಕ್ಕಳು ಹಬ್ಬದ ಕೆಲಸದಿಂದ ಬಿಡುಗಡೆಯಾಗಿ ಪ್ರೇಕ್ಷಕರಾಗಿದ್ದಾರೆ.

ಇದೇ ಹಕ್ಕು ಬೇರೆಲ್ಲೋ ಬೇರೆ ವೇಷದಲ್ಲಿ ಸಿಗುತ್ತಿರುವುದು ವಿಚಿತ್ರ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ಒಂದೇ ವಾರದಲ್ಲಿ ಹ್ಯಾಲೋವೀನ್ ವೇಷವೂ ದೀಪಾವಳಿಯ ಹಣತೆಯೂ ಹೊರಬರುತ್ತವೆ. ಅಜ್ಜಿ ವೀಸಾ ಮೇಲೆ ಹೋಗಿದ್ದರೆ ಬಾಗಿಲಲ್ಲಿ ಚಾಕೊಲೇಟ್ ಹಂಚುವ ಕೆಲಸ ಅವಳದೇ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ಜಿಲ್ಲೆಯ ಇಂಜಿನಿಯರುಗಳ ಮಕ್ಕಳು ಅಕ್ಟೋಬರ್ ಕೊನೆಗೆ ಲಿಫ್ಟಿನಲ್ಲಿ ಮಹಡಿ ಮಹಡಿ ಹತ್ತಿ ಗಂಟೆ ಒತ್ತುತ್ತಾರೆ. ಬರಬಹುದಾದ ಮನೆಗಳ ಪಟ್ಟಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲೇ ಸಿದ್ಧವಿರುತ್ತದೆ. ಸಂಸ್ಕೃತಿ ಕೆಟ್ಟಿತೆಂದು ಇದನ್ನು ಬೈಯುವವರು ಒಂದು ಕ್ಷಣ ತಡೆಯಬೇಕು. ಕಾಂಪೌಂಡಿನ ಒಳಗೆ ಪರಸ್ಪರ ಗುರುತಿರುವ ಮನೆಗಳು, ಗಾಡಿಯಿಲ್ಲದ ದಾರಿ, ಒಟ್ಟಿಗೆ ಆಡುವ ಮಕ್ಕಳು ಇರುವ ಕಡೆ ಈ ಆಟ ತಾನಾಗಿ ಚಿಗುರುತ್ತದೆ. ತಾಂಡಾದಲ್ಲಿ ಮೇರಾ ಉಳಿದಿರುವುದೂ ಅದೇ ಕಾರಣಕ್ಕೆ. ಅಪಾರ್ಟ್‌ಮೆಂಟಿನ ಗೇಟಿನ ಹೊರಗಿರುವ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡಿನ ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಆ ಮಟ್ಟಿಗೆ ಎಳ್ಳಿನ ತಟ್ಟೆ ವಾಪಸ್ ತಿರುಗುತ್ತಿದ್ದ ತಿರುವು ಅಲ್ಲಿಯೂ ಇದೆ.

ಇವುಗಳಲ್ಲಿ ಯಾವುದು ಉಳಿದೀತು ಎಂದು ಯಾರಾದರೂ ಕೇಳಿದರೆ ನನ್ನ ಅಂದಾಜು ಹೀಗೆ. ಎಳ್ಳುಬೆಲ್ಲ ಅಂಗಡಿಯ ಸರಕಾಗಿ ಗಟ್ಟಿಯಾಗಿ ಉಳಿಯುತ್ತದೆ. ಕಾಮಣ್ಣ ಸಮಿತಿಯ ಕೈಯಲ್ಲೇ ಇರುತ್ತಾನೆ, ಕುಳ್ಳಿನ ಕಾಲ ಮರಳುವುದಿಲ್ಲ. ಮಳೆರಾಯ ಮಳೆಯ ಲೆಕ್ಕ ನೋಡಿಕೊಂಡು ಬಂದುಹೋಗುತ್ತಾನೆ. ಮೇರಾದ ಬಗ್ಗೆ ಹೆಚ್ಚು ನಂಬಿಕೆಯಿದೆ. ತಾಂಡಾಗಳಲ್ಲಿ ಹುಡುಗಿಯರ ಮದುವೆಯ ವಯಸ್ಸು ಮುಂದಕ್ಕೆ ಹೋದಂತೆ ದೀಪ ಹಿಡಿಯುವ ಗುಂಪಿಗೆ ಪಿಯುಸಿ, ಡಿಗ್ರಿ, ನರ್ಸಿಂಗ್ ಓದುವವರೂ ಸೇರುತ್ತಿದ್ದಾರೆ. ಅವರಿಗೆ ಹಾಡು ಪೂರ್ತಿ ಬರುವುದಿಲ್ಲವೆಂದು ಮುದುಕಿಯರು ರೇಗುತ್ತಾರೆ. ಹಾಸ್ಟೆಲಿನಿಂದ ಬಂದ ಹುಡುಗಿ ಕಳೆದ ವರ್ಷದ ವಿಡಿಯೊ ಮೊಬೈಲಿನಲ್ಲಿ ಹಾಕಿಕೊಂಡು, ಬಿಟ್ಟುಹೋದ ಸಾಲನ್ನು ಕೇಳಿ ಕಲಿತು, ಮುಂದಿನ ಮನೆಗೆ ನಡೆಯುತ್ತಾಳೆ.